ಯುರೇನಿಯಂ ಕೂರಬೇಕಾದ ಜಾಗ

1934ರಲ್ಲಿ ರೋಮ್‌ನಲ್ಲಿ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಯುರೇನಿಯಂ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿದರು. ಹುಟ್ಟಿದ ವಿಕಿರಣಶೀಲ ವಸ್ತು 93ನೆಯ ಧಾತು ಇರಬಹುದೆಂದರು. ಅವರಿಗೆ ಆಧಾರವಾಗಿದ್ದುದು ಅಂದಿನ ಆವರ್ತಕ ಕೋಷ್ಟಕ. ಅದರಲ್ಲಿ ಯುರೇನಿಯಂ ಟಂಗ್‌ಸ್ಟನ್‌ನ ಕೆಳಗಿತ್ತು. ಹಾಗಾಗಿ ಪಕ್ಕದ 93 ರೀನಿಯಂನ ಹಾಗೆ, 94 ಆಸ್ಮಿಯಂನ ಹಾಗೆ ವರ್ತಿಸಬೇಕೆಂದು ಎಲ್ಲರೂ ನಂಬಿದ್ದರು. ಹೊಸ ವಸ್ತು ಮ್ಯಾಂಗನೀಸ್ ಸಂಯುಕ್ತದ ಜೊತೆ ಸೇರಿ ದ್ರಾವಣದ ತಳಕ್ಕಿಳಿಯಿತು. ಮ್ಯಾಂಗನೀಸ್ ಮತ್ತು ರೀನಿಯಂ ಒಂದೇ ಗುಂಪಿನವು, ಆದ್ದರಿಂದ ಲೆಕ್ಕ ಕೂಡಿಬಂದಂತೆ ಕಂಡಿತು. ಜರ್ಮನಿಯ ರಸಾಯನ ವಿಜ್ಞಾನಿ ಇಡಾ ನೊಡ್ಡಾಕ್ ಮಾತ್ರ ಅದೇ ವರ್ಷ ತಕರಾರೆತ್ತಿದರು. ಅಕ್ಕಪಕ್ಕದ ನಾಲ್ಕು ಧಾತುಗಳನ್ನು ಪರೀಕ್ಷಿಸಿದರೆ ಸಾಲದು, ಪರಮಾಣು ಬೀಜವೇ ದೊಡ್ಡ ತುಂಡುಗಳಾಗಿ ಒಡೆದಿರಬಹುದಲ್ಲ ಎಂದು ಕೇಳಿದರು. ಆ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ನಾಲ್ಕು ವರ್ಷದ ಮೇಲೆ, 1938ರ ಡಿಸೆಂಬರ್‌ನಲ್ಲಿ, ಬರ್ಲಿನ್‌ನ ಆಟೊ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್‌ಗೆ ಅಂಥದೇ ಪ್ರಯೋಗದಲ್ಲಿ ಸಿಕ್ಕಿದ್ದು ಬೇರಿಯಂ. ನಾಜಿಗಳಿಂದ ಪಾರಾಗಿ ಸ್ವೀಡನ್ ಸೇರಿದ್ದ ಲಿಸೆ ಮೈಟ್ನರ್ ತಮ್ಮ ಅಕ್ಕನ ಮಗ ಆಟೊ ಫ್ರಿಶ್ ಜೊತೆ ಕೂತು ಅದರ ಅರ್ಥ ಬಿಡಿಸಿದರು. ಬೀಜ ಒಡೆದಿತ್ತು, ಇದೇ ವಿದಳನ. ಭೌತವಿಜ್ಞಾನದ ಚರಿತ್ರೆಯಲ್ಲಿ ಈ ಘಟನೆಗೆ ದೊಡ್ಡ ಅಧ್ಯಾಯವೇ ಇದೆ. ಆದರೆ ಅದನ್ನು ಹಿಡಿದುಕೊಟ್ಟದ್ದು ರಾಸಾಯನಿಕ ಬೇರ್ಪಡಿಕೆ. ಯಂತ್ರ ಹೊಸ ಪರಮಾಣುವನ್ನು ಹುಟ್ಟಿಸಬಲ್ಲದು, ಅದರ ಗುರುತು ಹೇಳಲು ಇನ್ನೊಂದು ವಿದ್ಯೆ ಬೇಕು. ಆ ವಿದ್ಯೆಯನ್ನು ಎತ್ತರಕ್ಕೇರಿಸಿದವರಲ್ಲಿ ಗ್ಲೆನ್ ಸೀಬೋರ್ಗ್ ಮೊದಲಿಗರು ಎಂಬುದು ನನ್ನ ಎಣಿಕೆ.

ಸೀಬೋರ್ಗ್ ಹುಟ್ಟಿದ್ದು 1912ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಇಷ್ಪೆಮಿಂಗ್ ಎಂಬ ಕಬ್ಬಿಣದ ಗಣಿಯೂರಿನಲ್ಲಿ, ಸ್ವೀಡಿಷ್ ಮೂಲದ ಕುಟುಂಬದಲ್ಲಿ. ಬೆಳೆದದ್ದು ಲಾಸ್ ಏಂಜಲೀಸ್ ಬಳಿ, ಓದಿದ್ದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮತ್ತು ಬರ್ಕ್ಲಿಯಲ್ಲಿ. ಬರ್ಕ್ಲಿಯ ಸೈಕ್ಲೊಟ್ರಾನ್‌ನಿಂದ ಹೊರಬರುತ್ತಿದ್ದ ವಿಕಿರಣಶೀಲ ಗುರಿಫಲಕಗಳನ್ನು ಬಿಡಿಸಿ ನೋಡಲು ಭೌತವಿಜ್ಞಾನಿ ಜಾಕ್ ಲಿವಿಂಗುಡ್‌ಗೆ ಒಬ್ಬ ರಸಾಯನ ವಿಜ್ಞಾನಿ ಬೇಕಾಗಿತ್ತು. ಯುವಕ ಸೀಬೋರ್ಗ್ ಒಪ್ಪಿಕೊಂಡರು. ಅಯೋಡಿನ್-131 ಮತ್ತು ಕೋಬಾಲ್ಟ್-60 ಆ ಜೋಡಿಯ ಶೋಧಗಳು. 1938ರಲ್ಲಿ ಎಮಿಲಿಯೊ ಸೆಗ್ರೆ ಜೊತೆ ಟೆಕ್ನೀಷಿಯಂ-99ಎಂ ಸಿಕ್ಕಿತು. ಇಂದು ಬೆಂಗಳೂರಿನ ಆಸ್ಪತ್ರೆಗಳಲ್ಲೂ ಥೈರಾಯ್ಡ್ ಕ್ಯಾನ್ಸರ್‌ಗೆ ಕೊಡುವುದು ಅದೇ ಅಯೋಡಿನ್, ಮೂಳೆಯ ಸ್ಕ್ಯಾನ್‌ಗೆ ಬಳಸುವುದು ಅದೇ ಟೆಕ್ನೀಷಿಯಂ. ಸೀಬೋರ್ಗ್‌ರ ತಾಯಿಯ ಥೈರಾಯ್ಡ್ ರೋಗಕ್ಕೂ ಮಗ ಕಂಡುಹಿಡಿದ ಅಯೋಡಿನ್ನೇ ಮದ್ದಾಯಿತು.

1940ರಲ್ಲಿ ಅದೇ ಬರ್ಕ್ಲಿಯಲ್ಲಿ ಎಡ್ವಿನ್ ಮ್ಯಾಕ್‌ಮಿಲನ್ ಮತ್ತು ಫಿಲಿಪ್ ಏಬಲ್ಸನ್ ನಿಜವಾದ 93ನೆಯ ಧಾತುವನ್ನು ಹಿಡಿದರು. ಅದು ರೀನಿಯಂನ ದಾರಿ ಬಿಟ್ಟು ಯುರೇನಿಯಂನ ದಾರಿಯಲ್ಲೇ ನಡೆಯಿತು. ಕೋಷ್ಟಕದಲ್ಲಿ ಬಿರುಕು ಕಂಡದ್ದು ಆಗ. ಮ್ಯಾಕ್‌ಮಿಲನ್ ಯುದ್ಧಕಾರ್ಯಕ್ಕೆ ಹೊರಟ ಮೇಲೆ ಮುಂದಿನ ಹುಡುಕಾಟ ಸೀಬೋರ್ಗ್, ಜೋಸೆಫ್ ಕೆನೆಡಿ ಮತ್ತು ಸಂಶೋಧನ ವಿದ್ಯಾರ್ಥಿ ಆರ್ಥರ್ ವಾಲ್ ಪಾಲಿಗೆ ಬಂತು. 1941ರ ಫೆಬ್ರವರಿ 23ರ ರಾತ್ರಿ ಗಿಲ್ಮನ್ ಹಾಲ್‌ನ 307ನೆಯ ಕೋಣೆಯಲ್ಲಿ, ಪ್ರಬಲ ಉತ್ಕರ್ಷಕವೊಂದನ್ನು ಬಳಸಿ, ವಾಲ್ ಹೊಸ ವಸ್ತುವನ್ನು ಉಳಿದೆಲ್ಲದರಿಂದ ಬೇರ್ಪಡಿಸಿದರು. ಅದೇ ಪ್ಲುಟೋನಿಯಂ. ಮಾರ್ಚ್ ಕೊನೆಗೆ ಅದರ 239 ಐಸೊಟೋಪು ವಿದಳನಗೊಳ್ಳುತ್ತದೆಂದು ಗೊತ್ತಾಯಿತು. ಆ ಪ್ರಬಂಧ ಅಚ್ಚಾದದ್ದು ಯುದ್ಧ ಮುಗಿದ ಮೇಲೆ, 1946ರಲ್ಲಿ.

ಬಾಂಬಿಗೆ ಬೇಕಾದ ಪ್ಲುಟೋನಿಯಂ ಪಡೆಯುವ ಕೆಲಸಕ್ಕೆ ಸೀಬೋರ್ಗ್ ಷಿಕಾಗೊಗೆ ಬಂದಿಳಿದದ್ದು 1942ರ ಏಪ್ರಿಲ್ 19ರಂದು, ತಮ್ಮ ಮೂವತ್ತನೆಯ ಹುಟ್ಟುಹಬ್ಬದ ದಿನ. ಟನ್‌ಗಟ್ಟಲೆ ಯುರೇನಿಯಂ ಒಳಗೆ ಚೂರು ಪ್ಲುಟೋನಿಯಂ, ಜೊತೆಗೆ ಹತ್ತಿರ ಹೋಗಲಾಗದಷ್ಟು ವಿಕಿರಣ ಸೂಸುವ ವಿದಳನ ಶೇಷ. ಇವನ್ನು ಬೇರ್ಪಡಿಸುವ ವಿಧಾನ ಬೇಕಿತ್ತು. ಬರ್ರಿಸ್ ಕನಿಂಗ್‌ಹ್ಯಾಮ್ ಮತ್ತು ಲೂಯಿಸ್ ವರ್ನರ್ ಆ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ತೂಗಿದ ಪ್ಲುಟೋನಿಯಂ ಆಕ್ಸೈಡ್ 2.77 ಮೈಕ್ರೊಗ್ರಾಂ. ಸೀಬೋರ್ಗ್‌ರ ಶಾಲಾ ಗೆಳೆಯ ಸ್ಟ್ಯಾನ್ಲಿ ಥಾಂಪ್ಸನ್ ಬಿಸ್ಮತ್ ಫಾಸ್ಫೇಟ್ ವಿಧಾನವನ್ನು ರೂಪಿಸಿದರು. ಅಷ್ಟು ಸಣ್ಣ ಪ್ರಮಾಣದಲ್ಲಿ ಪರಖಾಯಿಸಿದ ರಸಾಯನಶಾಸ್ತ್ರವನ್ನು ಸುಮಾರು ನೂರು ಕೋಟಿ ಪಟ್ಟು ಹಿಗ್ಗಿಸಿ ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ಕಾರ್ಖಾನೆ ಕಟ್ಟಿದರು, ಅದು ಕೆಲಸವನ್ನೂ ಮಾಡಿತು. ಪ್ರಯೋಗಾಲಯದ ಕೈಚಳಕಕ್ಕೆ ಇಷ್ಟು ದೊಡ್ಡ ಪರೀಕ್ಷೆ ಅದಕ್ಕೂ ಮೊದಲು ಎದುರಾಗಿರಲಿಲ್ಲ.

ಆ ಪ್ಲುಟೋನಿಯಂ 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿತ್ತು. ಜೂನ್‌ನಲ್ಲೇ ಜೇಮ್ಸ್ ಫ್ರಾಂಕ್ ನೇತೃತ್ವದ ಏಳು ವಿಜ್ಞಾನಿಗಳ ಸಮಿತಿ, ಜನರಿಲ್ಲದ ಕಡೆ ಬಾಂಬನ್ನು ಸ್ಫೋಟಿಸಿ ತೋರಿಸಿ ಎಂದು ಬರೆದುಕೊಟ್ಟಿತ್ತು. ಸೀಬೋರ್ಗ್ ಆ ಏಳರಲ್ಲಿ ಒಬ್ಬರು. ಸರ್ಕಾರ ಒಪ್ಪಲಿಲ್ಲ. ಸೀಬೋರ್ಗ್‌ರ ಸಾಧನೆಯನ್ನು ಬರೆಯುವ ಯಾರೂ ನಾಗಸಾಕಿಯನ್ನು ಅಡಿಟಿಪ್ಪಣಿಗೆ ತಳ್ಳಬಾರದು. ಹ್ಯಾನ್‌ಫರ್ಡ್‌ನ ನೆಲದಡಿ 177 ತೊಟ್ಟಿಗಳಲ್ಲಿ ತುಂಬಿಟ್ಟ ವಿಕಿರಣ ತ್ಯಾಜ್ಯವನ್ನೂ ಅಷ್ಟೇ. ಅವುಗಳಲ್ಲಿ ಎಷ್ಟೋ ತೊಟ್ಟಿಗಳು ಸೋರಿವೆ.

ಯುದ್ಧದ ನಡುವೆಯೇ ಇನ್ನೊಂದು ಕೆಲಸ ನಡೆದಿತ್ತು. ಸೀಬೋರ್ಗ್‌ರ ಕೊಡುಗೆಗಳಲ್ಲಿ ನನ್ನ ದೃಷ್ಟಿಗೆ ಎಲ್ಲಕ್ಕಿಂತ ದೊಡ್ಡದು ಅದು. 95 ಮತ್ತು 96ನೆಯ ಧಾತುಗಳು ಎಷ್ಟು ಹುಡುಕಿದರೂ ಕೈಗೆ ಸಿಗುತ್ತಿರಲಿಲ್ಲ. ತಪ್ಪು ಗುಣಗಳನ್ನು ಹುಡುಕುತ್ತಿದ್ದೇವೆ ಎಂಬುದು 1944ರಲ್ಲಿ ಸೀಬೋರ್ಗ್‌ಗೆ ಹೊಳೆಯಿತು. ಆಕ್ಟಿನಿಯಂನಿಂದ ಆಚೆಗಿನ ಧಾತುಗಳನ್ನೆಲ್ಲ ಕೋಷ್ಟಕದ ನಡುವಿನಿಂದ ಎಬ್ಬಿಸಿ, ಲ್ಯಾಂಥನೈಡ್‌ಗಳ ಕೆಳಗೆ ಪ್ರತ್ಯೇಕ ಸಾಲಾಗಿ ಕೂರಿಸಬೇಕೆಂದರು. ಇದನ್ನು ಪ್ರಕಟಿಸಿದರೆ ಹೆಸರು ಕೆಡುತ್ತದೆಂದು ಹಿರಿಯರು ಎಚ್ಚರಿಸಿದರು. ಸೀಬೋರ್ಗ್ ಜಗ್ಗಲಿಲ್ಲ. ಹೊಸ ನಕ್ಷೆ ಹಿಡಿದು ಹೊರಟದ್ದೇ ಕ್ಯೂರಿಯಂ ಸಿಕ್ಕಿತು, ಹಿಂದೆಯೇ ಅಮೆರಿಷಿಯಂ. ಇವೆರಡರ ಸುದ್ದಿ ಮೊದಲು ಹೊರಬಿದ್ದದ್ದು 1945ರ ನವೆಂಬರ್‌ನಲ್ಲಿ, ಮಕ್ಕಳ ರೇಡಿಯೊ ಕಾರ್ಯಕ್ರಮದಲ್ಲಿ. ಹೊಸ ಧಾತು ಏನಾದರೂ ಸಿಕ್ಕಿದೆಯೇ ಎಂದು ಹುಡುಗನೊಬ್ಬ ಕೇಳಿದ, ಸೀಬೋರ್ಗ್ ಹೇಳಿಬಿಟ್ಟರು.

ಆ ನಕ್ಷೆ ಬರ್ಕೇಲಿಯಂ, ಕ್ಯಾಲಿಫೋರ್ನಿಯಂಗಳಿಗೂ ದಾರಿ ತೋರಿತು. ಧಾತುಗಳನ್ನು ಬೇರ್ಪಡಿಸುವ ರಾಳದ ಕಂಬದಿಂದ ಹೊಸ ಧಾತು ಎಷ್ಟನೆಯ ಹನಿಯಲ್ಲಿ ಇಳಿಯುತ್ತದೆಂದು ಅದರ ಮೇಲ್ಮನೆಯ ಲ್ಯಾಂಥನೈಡ್ ನೋಡಿಯೇ ಹೇಳಬಹುದಾಯಿತು. 1951ರಲ್ಲಿ ಮ್ಯಾಕ್‌ಮಿಲನ್ ಜೊತೆ ನೊಬೆಲ್ ಬಂತು. 1955ರಲ್ಲಿ ಆಲ್ಬರ್ಟ್ ಘಿಯೋರ್ಸೊ ಮತ್ತು ಸೀಬೋರ್ಗ್‌ರ ತಂಡ ಮೆಂಡಲೇವಿಯಂ ಅನ್ನು ಗುರುತಿಸಿದ್ದು ಕೇವಲ 17 ಪರಮಾಣುಗಳಿಂದ. 1961ರಿಂದ ಹತ್ತು ವರ್ಷ ಸೀಬೋರ್ಗ್ ಅಮೆರಿಕದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ಆ ಅವಧಿಯಲ್ಲಿ ನನಗೆ ಮುಖ್ಯವೆನ್ನಿಸುವುದು 1963ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಅವರು ಕೊಟ್ಟ ಬೆಂಬಲ.

ಭಾರತಕ್ಕೆ ಈ ಕಥೆಯ ನಂಟು ಥೋರಿಯಂ ಮೂಲಕ. ಥೋರಿಯಂನಿಂದ ಯುರೇನಿಯಂ-233 ಪಡೆದು ಅದು ಇಂಧನವಾಗಬಲ್ಲದೆಂದು ತೋರಿಸಿದವರಲ್ಲಿ ಸೀಬೋರ್ಗ್ ಒಬ್ಬರು. ಕಲ್ಪಾಕ್ಕಂನ ಕಾಮಿನಿ ರಿಯಾಕ್ಟರಿನಲ್ಲಿರುವುದು ಆ ಇಂಧನವೇ. ಇತ್ತ ನಮ್ಮ ಕೈಗಾದಲ್ಲಿ ಉರಿದ ಯುರೇನಿಯಂ ಕಂಬಿಗಳೊಳಗೆ ಪ್ಲುಟೋನಿಯಂ ಹುಟ್ಟುತ್ತಲೇ ಇದೆ.

ಯುರೇನಿಯಂ ಎದ್ದುಹೋದ ಮೇಲೆ ಟಂಗ್‌ಸ್ಟನ್ ಕೆಳಗಿನ ಜಾಗ ಬರಿದಾಗಿತ್ತು. 1974ರಲ್ಲಿ ಬರ್ಕ್ಲಿಯ ತಂಡ ಕಂಡ 106ನೆಯ ಧಾತು ಅಲ್ಲಿಗೆ ಬಂತು. ಬದುಕಿರುವವರ ಹೆಸರಿಡಬಾರದೆಂಬ ವಾದ ವರ್ಷಗಟ್ಟಲೆ ನಡೆದು, 1997ರಲ್ಲಿ ಸೀಬೋರ್ಗಿಯಂ ಎಂಬ ಹೆಸರು ಗಟ್ಟಿಯಾಯಿತು. ಅದೇ ವರ್ಷ ಪ್ರಕಟವಾದ, ಜರ್ಮನಿಯ ಡಾರ್ಮ್‌ಸ್ಟಾಟ್‌ನ ಪ್ರಯೋಗದಲ್ಲಿ ಅದರ ಬೆರಳೆಣಿಕೆಯ ಪರಮಾಣುಗಳು ದ್ರಾವಣದಲ್ಲಿ ಟಂಗ್‌ಸ್ಟನ್ ಅನ್ನು ಹೋಲುವಂತೆ ನಡೆದುಕೊಂಡವು. 1999ರಲ್ಲಿ ಸೀಬೋರ್ಗ್ ತೀರಿಕೊಂಡರು.

ಕೋಷ್ಟಕ ಈಗ 118ಕ್ಕೆ ಮುಟ್ಟಿದೆ. ಅಲ್ಲಿ ಬೀಜದ ವಿದ್ಯುದಾವೇಶ ಎಷ್ಟು ಪ್ರಬಲವೆಂದರೆ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ವೇಗಕ್ಕೆ ಹತ್ತಿರವಾಗಿ ಧಾವಿಸುತ್ತವೆ, ಗುಂಪಿನ ಗುಣಗಳು ಕದಲುತ್ತವೆ. ಸೀಸದ ಕೆಳಗೆ ಕೂತಿರುವ 114ನೆಯ ಫ್ಲೆರೋವಿಯಂ ಸೀಸದಂತೆ ಭಾರವಾಗಿ ಅಂಟಿ ಕೂರದೆ, ಇತರ ಎಲ್ಲ ಲೋಹಗಳಿಗಿಂತ ಸುಲಭವಾಗಿ ಆವಿಯಾಗುತ್ತದೆಂದು ಡಾರ್ಮ್‌ಸ್ಟಾಟ್‌ನ ಪ್ರಯೋಗಗಳು 2022ರಲ್ಲಿ ತೋರಿಸಿವೆ.