ಫೋನ್ ಬಿಲ್ಲಿನ ಒಂದು ‘ಕಾಲ್’ ಅಂದ್ರ ಎಷ್ಟು?

ಲೈಟಿನ ಮೀಟರ್ ನಮ್ಮ ಮನಿ ಗ್ವಾಡಿ ಮ್ಯಾಲೇ ಇರತದ. ಬಿಲ್ಲು ಹೆಚ್ಚು ಬಂತಂದ್ರ ಕುರ್ಚಿ ಹಾಕ್ಕೊಂಡು ಹತ್ತಿ ಅಂಕಿ ನೋಡಬಹುದು. ಹಾಲಿನ ಲೆಕ್ಕ ಕ್ಯಾಲೆಂಡರಿನ ಮ್ಯಾಲ ಇರತದ, ಕಿರಾಣಿ ಲೆಕ್ಕ ಉದ್ರಿ ಪುಸ್ತಕದಾಗ ಇರತದ. ಆದ್ರ ಹಳೇ ಕಾಲದ ಫೋನಿನ ಮೀಟರ್ ನಮ್ಮಂಥ ಮನಿಯವರು ಯಾರೂ ಕಣ್ಣಿಲೆ ನೋಡಿದ್ದಿಲ್ಲ. ಅದು ಊರಾಗಿನ ಎಕ್ಸ್‌ಚೇಂಜಿನೊಳಗ ಇರತಿತ್ತು. ಒಂದೊಂದು ನಂಬರಿಗೆ ಒಂದೊಂದು ಸಣ್ಣ ಮೀಟರ್, ಸಾಲಾಗಿ. ನಾವು ಇಲ್ಲಿ ಮಾತಾಡತಿದ್ರ ಅದು ಅಲ್ಲಿ ಟಿಕ್ ಟಿಕ್ ಅಂತ ಮುಂದ ಹೋಗತಿತ್ತು. ಎರಡು ತಿಂಗಳಿಗೊಮ್ಮೆ ಆ ಅಂಕಿ ಬಿಲ್ಲಾಗಿ ಮನಿಗೆ ಬರತಿತ್ತು. ಫೋನ್ ಬಿಲ್ಲಿನ ಗೊಂದಲಕ್ಕೆಲ್ಲಾ ಮೂಲ ಇದs ನೋಡ್ರಿ: ಬಳಸೋರು ಒಂದು ಕಡೆ, ಎಣಿಸೋ ಯಂತ್ರ ಇನ್ನೊಂದು ಕಡೆ.

ನಮ್ಮ ದೇಶದಾಗ ಟೆಲಿಫೋನ್ ಎಕ್ಸ್‌ಚೇಂಜ್ ಶುರು ಆಗಿದ್ದು 1882ರ ಜನವರಿಯಾಗ, ಕಲಕತ್ತಾ, ಮುಂಬಯಿ, ಮದ್ರಾಸಿನೊಳಗ. ನಮ್ಮಂಥಾ ಮಧ್ಯಮ ವರ್ಗದ ಮನಿಗೆ ಅದು ಬರಲಿಕ್ಕೆ ನೂರು ವರ್ಷ ಹಿಡೀತು. ಅಲ್ಲೀತನಕ ದೂರದ ಊರಿಗೆ ಮಾತಾಡಬೇಕಂದ್ರ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ ಬ್ಯಾರೆ ಬ್ಯಾರೆ. ಬುಕ್ ಮಾಡಿ ತಾಸುಗಟ್ಟಲೆ ಫೋನಿನ ಮುಂದ ಕೂಡಬೇಕು. ಆದ್ರ ಆ ಪದ್ಧತಿಯೊಳಗ ಒಂದು ಅನುಕೂಲ ಇತ್ತು. ಆಪರೇಟರ್ ಪ್ರತಿ ಕಾಲಿಗೂ ಒಂದು ಚೀಟಿ ಬರೀತಿದ್ರು. ಯಾವ ಊರು, ಯಾವ ನಂಬರು, ಯಾವ ದಿನ, ಎಷ್ಟು ನಿಮಿಷ ಎಲ್ಲಾ ಅದರಾಗ. ಹಿಂಗಾಗಿ ಈ ರೊಕ್ಕ ಯಾವ ಮಾತಿಂದು ಅಂತ ಕೇಳಿದ್ರ ಉತ್ತರ ಸಿಗತಿತ್ತು.

1960ರಾಗ ಲಖನೌ-ಕಾನ್ಪುರ ನಡುವ ದೇಶದ ಮೊದಲನೇ ಎಸ್‌ಟಿಡಿ ಶುರು ಆತು. ಆಪರೇಟರಿನ ಹಂಗಿಲ್ಲದ ನಾವs ಸೊನ್ನೆ ತಿರುಗಿಸಿ ಬ್ಯಾರೆ ಊರಿಗೆ ಮಾತಾಡೋದು. ಬರಬರತ ನಮ್ಮ ಕಡೆನೂ ಬಂತು. ಕಾಯೋದು ತಪ್ಪಿತು ಖರೆ, ಆದ್ರ ಅದರ ಜೋಡಿ ಆ ಚೀಟಿನೂ ಹೋತು. ಎಸ್‌ಟಿಡಿ ಮಾತೂ ಅದs ಮೀಟರಿನೊಳಗ ಟಿಕ್ ಟಿಕ್ ಆಗಿ ಸೇರಿಕೊಂತು. ಪಕ್ಕದ ಓಣಿಗೆ ಮಾಡಿದ್ದೂ ಅಲ್ಲೇ, ದಿಲ್ಲಿಗೆ ಮಾಡಿದ್ದೂ ಅಲ್ಲೇ. ಬೆಂಗಳೂರಿನ ದೂರವಾಣಿನಗರದಾಗ 1948ರಿಂದ ನಡೆದ ಐಟಿಐ ಕಾರ್ಖಾನಿ ದೇಶಕ್ಕೆಲ್ಲಾ ಫೋನು, ಎಕ್ಸ್‌ಚೇಂಜಿನ ಸಾಮಾನು ಮಾಡಿ ಕೊಟ್ಟಿತು. ಯಂತ್ರ ಗಟ್ಟಿನೇ ಇದ್ವು. ಆದ್ರ ಆ ಮೀಟರ್ ಎಣಿಸತಿತ್ತೇ ಹೊರತು ಬರೆದಿಡತಿರಲಿಲ್ಲ.

ಬಿಲ್ಲಿನ್ಯಾಗ ‘ಕಾಲ್ಸ್’ ಅಂತ ಇರತಿತ್ತಲ್ಲ, ಅದು ನಾವು ಮಾಡಿದ ಫೋನುಗಳ ಎಣಿಕಿ ಅಲ್ಲ, ಮೀಟರಿನ ಟಿಕ್ಕುಗಳ ಎಣಿಕಿ. ಮೊದಮೊದಲು ಊರೊಳಗಿನ ಫೋನಿಗೆ ಹೊತ್ತಿನ ಲೆಕ್ಕ ಇರಲಿಲ್ಲ, ಒಂದು ಫೋನಿಗೆ ಒಂದು ಟಿಕ್ಕು. ಆಮ್ಯಾಲ ಐದು ನಿಮಿಷಕ್ಕೊಂದು ಆತು, ಮುಂದ ಮೂರು ನಿಮಿಷಕ್ಕೊಂದು. ಎಸ್‌ಟಿಡಿಗೆ ಊರು ದೂರ ಆದಂಗ ಟಿಕ್ಕಿನ ಓಟ ಜೋರು. ಒಂದು ಕಾಲಕ್ಕ ಸಾವಿರ ಕಿಲೋಮೀಟರ್ ದಾಟಿದ ಊರಿಗೆ ಹಗಲಿನ್ಯಾಗ ಎರಡು ಸೆಕೆಂಡಿಗೊಂದು ಟಿಕ್ಕು ಇತ್ತು. ಅಂದ್ರ ಧಾರವಾಡದಿಂದ ದಿಲ್ಲಿಗೆ ಐದು ನಿಮಿಷ ಮಾತಾಡಿದ್ರ 150 ‘ಕಾಲ್’. ಅದs ಮಾತು ರಾತ್ರಿ ಕಾಲು ದರದಾಗ ಆಡಿದ್ರ 38ರ ಹತ್ತರ. ಅದಕ್ಕs ಎಸ್‌ಟಿಡಿ ಬೂತಿನ ಮುಂದ ರಾತ್ರಿ ಊಟ ಆದಮ್ಯಾಲ ಪಾಳಿ ಹಚ್ಚಿ ನಿಲ್ಲತಿದ್ರು ಮಂದಿ.

ಇದು ಗೊತ್ತಿಲ್ಲದವರ ಮನ್ಯಾಗ ಏನಾಗತಿತ್ತು? ಬಿಲ್ಲಿನ್ಯಾಗ ‘700 ಕಾಲ್’ ಅಂತ ಕಂಡ ಕೂಡ್ಲೆ, “ಎರಡು ತಿಂಗಳಿನ್ಯಾಗ ಏಳನೂರು ಫೋನ್ ಯಾರು ಮಾಡಿದ್ರು?” ಅಂತ ಶುರು. ವಿವರ ಇಲ್ಲದ ಲೆಕ್ಕಕ್ಕ ಒಂದು ಹೆಸರು ಬೇಕಾಗತದ. ಆ ಹೆಸರು ಹೆಚ್ಚಾಗಿ ಸೊಸೀದು, ಇಲ್ಲಾ ಕಾಲೇಜಿಗೆ ಹೋಗೋ ಮಗಳದು, ಇಲ್ಲಾ ಮನಿಕೆಲಸಕ್ಕ ಬರೋ ಹೆಣ್ಣುಮಗಳದು. ಫೋನಿನ ಡಯಲ್ ತೂತಿನ್ಯಾಗ ಹಾಕೋ ಸಣ್ಣ ಕೀಲಿ ನೆನಪಿರಬೇಕು ನಿಮಗ. ಎಷ್ಟೋ ಮನ್ಯಾಗ ಅದರ ಚಾವಿ ಗಂಡಸರ ಜನಿವಾರಕ್ಕೋ ಅತ್ತಿಯವರ ಸೆರಗಿಗೋ ಕಟ್ಟಿರತಿತ್ತು.

ನಮ್ಮ ಮನಿ ಕೂಡು ಕುಟುಂಬ. ಒಂದ್ಸಲ ಯಾವಾಗಲೂ 600ರ ಆಚೆ ಈಚೆ ಬರೋ ಬಿಲ್ಲು 1,310 ಬಂತು. ನಮ್ಮ ದೊಡ್ಡ ನೆಗೆಣ್ಣಿ ತವರು ಸೊಲ್ಲಾಪುರ. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದ್ರ ಎರಡು ದಿನ ಮನ್ಯಾಗಿನ ಮಾತೆಲ್ಲಾ ಸೊಲ್ಲಾಪುರದ ದಾರಿ ಹಿಡಿದಿದ್ವು. ಅಕ್ಕಾ ಪಾಪ ಊಟಕ್ಕ ಕಡೀಗೆ ಕೂತು, ತಾಟಿನ ಮ್ಯಾಲಿನ ತಲಿ ಎತ್ತತಿರಲಿಲ್ಲ. ಬಿಲ್ಲು ಇಂಗ್ಲಿಷಿನ್ಯಾಗ ಇತ್ತು. ಪಿಯುಸಿ ಓದಿದಾಕಿ ಅಂತ ಅದನ್ನ ಓದಿ ಹೇಳೋ ಕೆಲಸ ನನಗ ಬಿತ್ತು. ಕೆಳಗ ‘ಹಿಂದಿನ ಬಾಕಿ 624’ ಅಂತ ಇತ್ತು. ಮಾವನವರು ರಸೀದಿ ಎಲ್ಲಾ ತಂತಿಗೆ ಚುಚ್ಚಿ ಇಡತಿದ್ರು. ತಗದು ನೋಡಿದ್ರ 624 ತುಂಬಿದ ರಸೀದಿ, ಸಿಕ್ಕಾ ಸಮೇತ ಅಲ್ಲೇ ಇತ್ತು. ಕೌಂಟರಿನ್ಯಾಗ ತುಂಬಿದ ರೊಕ್ಕ ಅವರ ಪುಸ್ತಕಕ್ಕ ಏರೋದ್ರೊಳಗ ಹೊಸಾ ಬಿಲ್ಲು ಅಚ್ಚಾಗಿತ್ತು. ಉಳಿದದ್ದು 686. ಅದರಾಗ ಬಾಡಿಗಿನೂ ಬಂತು. ಅಂದ್ರ ಮಾತು ಒಂಚೂರೂ ಹೆಚ್ಚಾಗಿರಲಿಲ್ಲ. ಮಾವನವರು “ಹಂಗಾರ ಸರಿ ಬಿಡು” ಅಂದು ರಸೀದಿ ತಗೊಂಡು ಹೋಗಿ ಸರಿ ಮಾಡಿಸಿಕೊಂಡು ಬಂದ್ರು. ಬಿಲ್ಲು ಸರಿ ಆತು. ಅಕ್ಕಾಗ ಮಾತ್ರ ಯಾರೂ “ತಪ್ಪು ತಿಳಕೊಂಡಿದ್ವಿ” ಅನ್ನಲಿಲ್ಲ.

ಆ ಬಿಲ್ಲಿನ್ಯಾಗ ಇನ್ನೊಂದು ತಿರುವೂ ಇತ್ತು. ಬಾಡಿಗಿ ಮುಂದಿನ ಎರಡು ತಿಂಗಳದ್ದು, ಕಾಲಿನ ರೊಕ್ಕ ಹಿಂದಿನ ಎರಡು ತಿಂಗಳದ್ದು. ಒಂದs ಹಾಳಿ ಮ್ಯಾಲ ಮುಂದಿನ ಕಾಲ, ಹಿಂದಿನ ಕಾಲ ಎರಡೂ. 1994ರಾಗ ದೇಶದೊಳಗ ಸೇವಾ ತೆರಿಗಿ ಶುರು ಆದಾಗ ಅದು ಬಿದ್ದ ಮೊದಲ ಮೂರು ಬಾಬತ್ತಿನ್ಯಾಗ ಟೆಲಿಫೋನೂ ಒಂದು. ಆಗ ನೂರಕ್ಕ 5 ಇತ್ತು. 2017ರಾಗ ಜಿಎಸ್‌ಟಿ ಬಂದಾಗ ನೂರಕ್ಕ 18 ಆತು. ಹಿಂಗ ಒಂದೊಂದs ಸಾಲು ಹೆಚ್ಚಾಗಿ ಬಿಲ್ಲು ಉದ್ದ ಆತು.

ಕಳಕೊಂಡ ವಿವರ ಮತ್ತ ತಿರುಗಿ ಬಂದಿದ್ದು ಡಿಜಿಟಲ್ ಎಕ್ಸ್‌ಚೇಂಜ್ ಬಂದಮ್ಯಾಲ. ಇದರಾಗ ನಮ್ಮ ಕಡೆದೂ ಒಂದು ಹೆಮ್ಮಿ ಅದ. 1984ರಾಗ ಹುಟ್ಟಿದ ಸಿ-ಡಾಟ್ ಸಂಸ್ಥೆಯವರು ಹಳ್ಳಿಗಂತ 128 ಲೈನಿನ ಸಣ್ಣ ಎಕ್ಸ್‌ಚೇಂಜ್ ಮಾಡಿದ್ರು. ಧೂಳು, ಬಿಸಿಲು ತಡಕೊಳ್ಳೋವಂಥದ್ದು, ಏಸಿ ಬೇಕಾಗಿಲ್ಲ. ಅದು ಮೊದಲು ಕೂತಿದ್ದು 1986ರಾಗ, ನಮ್ಮ ಚೆನ್ನಮ್ಮನ ಕಿತ್ತೂರಿನೊಳಗ. ಡಿಜಿಟಲ್ ಯಂತ್ರ ದೊಡ್ಡ ಊರಿಗೂ ಹಬ್ಬಿದ ಮ್ಯಾಲ ಎಸ್‌ಟಿಡಿ ಕಾಲಿನ ನಂಬರು, ದಿನ, ಹೊತ್ತು ಬಿಲ್ಲಿನ್ಯಾಗ ಸಿಗಲಿಕ್ಕೆ ಹತ್ತಿದ್ವು. ವಿವರದ ಬಿಲ್ಲು ಬಂದ ಮನ್ಯಾಗ ಎಷ್ಟೋ ಸೊಸೆಂದಿರು ನಿರಾಳ ಆದ್ರು. ಕೆಲವು ಗಂಡಸರ ಗುಟ್ಟೂ ಹೊರಗ ಬಿದ್ವು, ಅದು ಬ್ಯಾರೆ ಮಾತು.

ಆಮ್ಯಾಲ ಮೊಬೈಲ್ ಬಂತು. 1995ರಾಗ ಶುರು ಆದಾಗ ನಿಮಿಷಕ್ಕ 16 ರೂಪಾಯಿತನಕ ಇತ್ತು, ಬಂದ ಫೋನಿಗೂ ರೊಕ್ಕ. ಬಂದ ಫೋನು ಪುಕ್ಕಟೆ ಆಗಿದ್ದು 2003ರಾಗ. ಈಗ ಹೆಚ್ಚಿನವರದು ಪ್ರಿಪೇಯ್ಡ್. ಮೊದಲs ರೊಕ್ಕ ಹಾಕತೀವಿ, ಬಿಲ್ಲs ಬರೋದಿಲ್ಲ. ಬಿಲ್ಲು ಬರದಿದ್ರ ಜಗಳ ಇಲ್ಲ ಅನಕೋತೀವಿ. ಆದ್ರ ತಂತಿಗೆ ಚುಚ್ಚಲಿಕ್ಕೆ ರಸೀದಿನೂ ಇಲ್ಲ. ನಾವು ಕೇಳದ ಹಾಡಿಗೆ, ಜ್ಯೋತಿಷ್ಯದ ಮೆಸೇಜಿಗೆ ರೊಕ್ಕ ಕಡೀತಂದ್ರ ತೋರಿಸಲಿಕ್ಕೆ ಕೈಯಾಗ ಏನೂ ಇರೋದಿಲ್ಲ.

ಹಂಗಂತ ಕೈಕಟ್ಟಿ ಕೂಡಬೇಕಿಲ್ಲ. ಟ್ರಾಯ್‌ನ 2012ರ ನಿಯಮದ ಪ್ರಕಾರ ಪ್ರಿಪೇಯ್ಡ್ ಗಿರಾಕಿ ಕೇಳಿದ್ರ ಹಿಂದಿನ ಆರು ತಿಂಗಳ ಬಳಕಿ ವಿವರ ಕೊಡಬೇಕು, ಅದಕ್ಕ 50 ರೂಪಾಯಿಗಿಂತ ಹೆಚ್ಚು ತಗೋಬಾರದು. ದೂರು ಕೊಟ್ರ ದೂರಿನ ನಂಬರು ಕೊಡಬೇಕು, ಅದನ್ನ ಬರಕೋರಿ. ಅಲ್ಲಿ ಆಗದಿದ್ರ ಅದs ಕಂಪನಿಯ ಮೇಲ್ಮನವಿ ಅಧಿಕಾರಿ ಇರತಾರ. ಗ್ರಾಹಕರ ಕೋರ್ಟಿಗೆ ಹೋಗಬಹುದೋ ಇಲ್ಲೋ ಅನ್ನೋದು ಭಾಳ ದಿನ ತಕರಾರಿನ್ಯಾಗ ಇತ್ತು. 1885ರ ಟೆಲಿಗ್ರಾಫ್ ಕಾಯ್ದೆಯಾಗ ಬಿಲ್ಲಿನ ವ್ಯಾಜ್ಯ ಸರಕಾರ ನೇಮಿಸಿದ ಪಂಚರ ಮುಂದ ಹೋಗಬೇಕು ಅಂತ ಇತ್ತು. ಅದನ್ನ ಹಿಡಿದು 2009ರಾಗ ಸುಪ್ರೀಂ ಕೋರ್ಟ್ ಗ್ರಾಹಕರ ಕೋರ್ಟಿಗೆ ಹೋಗೋ ಹಂಗಿಲ್ಲ ಅಂತು. 2022ರಾಗ ಅದs ಸುಪ್ರೀಂ ಕೋರ್ಟ್, ಹೋಗಬಹುದು ಅಂತ ಹೇಳಿತು.

ಕಡೀಗೆ ಉಪಯೋಗಕ್ಕ ಬರೋ ನಾಕು ಮಾತು. ಯಾವದs ಬಿಲ್ಲು ಬರಲಿ, ಮೊದಲು ಕೆಳಗಿನ ಒಟ್ಟು ಮೊತ್ತ ನೋಡಬ್ಯಾಡ್ರಿ. ಹಿಂದಿನ ಬಾಕಿ ಎಷ್ಟು, ಬಾಡಿಗಿ ಯಾವ ತಿಂಗಳದ್ದು, ಬಳಸಿದ್ದು ಎಷ್ಟು, ತೆರಿಗಿ ಎಷ್ಟು ಅಂತ ಬ್ಯಾರೆ ಬ್ಯಾರೆ ಬರಕೋರಿ. ರೊಕ್ಕ ತುಂಬಿದ ತಾರೀಖು, ಬಿಲ್ಲು ಅಚ್ಚಾದ ತಾರೀಖು ಎರಡೂ ಹೊಂದಿಸಿ ನೋಡ್ರಿ. ರಿಚಾರ್ಜ್ ಮಾಡಿದ ಮೆಸೇಜು ಅಳಿಸಬ್ಯಾಡ್ರಿ, ಆಗದಿದ್ರ ಒಂದು ನೋಟ್‌ಬುಕ್ಕಿನ್ಯಾಗ ತಾರೀಖು, ರೊಕ್ಕ, ರೆಫರೆನ್ಸ್ ನಂಬರು ಬರದಿಡ್ರಿ. ಇಷ್ಟೆಲ್ಲಾ ಮಾಡಿದ ಮ್ಯಾಲೂ ಲೆಕ್ಕ ಹೊಂದಲಿಲ್ಲ ಅಂದ್ರ ಕಂಪನಿಯವರನ್ನ ಕೇಳ್ರಿ. ಮನ್ಯಾಗಿನ ಹೆಣ್ಣುಮಕ್ಕಳ ಮಾರಿ ನೋಡೋದಕ್ಕಿಂತ ಮೊದಲು ಬಿಲ್ಲಿನ ಮಾರಿ ನೋಡೋದು ಛಲೋ.