ಡ್ರೋನ್ ಕಣ್ಗಾವಲು: ಸ್ವಾರಗೇಟ ಪ್ರಕರಣ ಮತ್ತು ನಾಗರಿಕ ಸ್ವಾತಂತ್ರ್ಯ

ಚಾಲಕರಿಲ್ಲದ ಹಾರುಯಂತ್ರಕ್ಕೆ ಕ್ಯಾಮೆರಾ ಅಳವಡಿಸಿ, ನೆಲದ ಮೇಲಿನ ಜನರನ್ನೂ ಅವರ ಓಡಾಟವನ್ನೂ ಮೇಲಿನಿಂದ ಗಮನಿಸಿ ದಾಖಲಿಸುವುದಕ್ಕೆ ಡ್ರೋನ್ ಕಣ್ಗಾವಲು ಎನ್ನುತ್ತಾರೆ. ಸೇನೆಯ ಉಪಕರಣವಾಗಿದ್ದ ಇದು ಈಗ ಭಾರತದ ನಗರ ಪೊಲೀಸರ ದಿನಬಳಕೆಯ ಸಾಮಗ್ರಿ. ಮೆರವಣಿಗೆ, ಜಾತ್ರೆ, ಪ್ರತಿಭಟನೆ, ಪರಾರಿಯಾದವರ ಹುಡುಕಾಟ ಎಲ್ಲಕ್ಕೂ ಅದೇ ಯಂತ್ರ ಮೇಲೇರುತ್ತದೆ. ಆದರೆ ಈ ಕೆಲಸಗಳು ಒಂದೇ ಜಾತಿಯವಲ್ಲ. ಗೊತ್ತಿರುವ ಒಬ್ಬ ಆರೋಪಿಯನ್ನು ಗೊತ್ತಿರುವ ಜಾಗದಲ್ಲಿ ಹುಡುಕುವುದು ತನಿಖೆ. ಯಾವ ಆರೋಪವೂ ಇಲ್ಲದ ಸಾವಿರಾರು ಜನರನ್ನು ಚಿತ್ರೀಕರಿಸಿ ಇಟ್ಟುಕೊಳ್ಳುವುದು ಕಣ್ಗಾವಲು. ಇವೆರಡರ ನಡುವಿನ ಗೆರೆಯನ್ನು ಭಾರತದ ಯಾವ ಡ್ರೋನ್ ನಿಯಮವೂ ಬರವಣಿಗೆಯಲ್ಲಿ ಎಳೆದಿಲ್ಲ. ನಾಗರಿಕ ಹಕ್ಕುಗಳ ಸವೆತ ಶುರುವಾಗುವುದು ಈ ಕೊರತೆಯಿಂದ.

ಪುಣೆಯ ಸ್ವಾರಗೇಟ ಪ್ರಕರಣ ಮೊದಲ ಬಗೆಯ ಬಳಕೆಗೆ ಒಳ್ಳೆಯ ಉದಾಹರಣೆ. ಸ್ವಾರಗೇಟ ಎಂದರೆ ಸಾತಾರಾ, ಕೊಲ್ಹಾಪುರದ ಕಡೆಗೆ ಹೊರಡುವ ಬಸ್ಸುಗಳ ದೊಡ್ಡ ನಿಲ್ದಾಣ. ಬೆಳಗಾವಿ, ಹುಬ್ಬಳ್ಳಿ ಕಡೆಯ ಪ್ರಯಾಣಿಕರಿಗೂ ಪರಿಚಿತ ಸ್ಥಳ. 2025ರ ಫೆಬ್ರುವರಿ 25ರ ನಸುಕಿನಲ್ಲಿ ಅಲ್ಲಿ ನಿಲ್ಲಿಸಿದ್ದ ‘ಶಿವಶಾಹಿ’ ಬಸ್ಸಿನೊಳಗೆ ಯುವತಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತೆಂಬ ದೂರು ದಾಖಲಾಯಿತು. ಸಿಸಿಟಿವಿ ದೃಶ್ಯಗಳ ನೆರವಿನಿಂದ ಆರೋಪಿಯ ಗುರುತು ಸಿಕ್ಕಿತು. ಆತನ ಊರಾದ ಶಿರೂರು ತಾಲ್ಲೂಕಿನ ಗುನಾಟ ಗ್ರಾಮದ ಸುತ್ತ ಆಳೆತ್ತರ ಬೆಳೆದ ಕಬ್ಬಿನ ಗದ್ದೆಗಳಲ್ಲಿ ಪೊಲೀಸರು ಶ್ವಾನದಳ, ಡ್ರೋನ್‌ಗಳೊಂದಿಗೆ ಶೋಧ ನಡೆಸಿ, 28ರ ನಡುರಾತ್ರಿ ದಾಟಿದ ಮೇಲೆ ಬಂಧಿಸಿದರು. ಪೊಲೀಸ್ ಆಯುಕ್ತ ಅಮಿತೇಶ್ ಕುಮಾರ್ ಗ್ರಾಮಸ್ಥರ ನೆರವನ್ನು ಬಹಿರಂಗವಾಗಿ ನೆನೆದರು. ಆರೋಪಿ ನೀರು ಕೇಳಿಕೊಂಡು ಊರೊಳಗೆ ಬಂದಾಗ ಸಿಕ್ಕ ಸುಳಿವೇ ಶೋಧಕ್ಕೆ ದಾರಿಯಾಯಿತೆಂದು ವರದಿಗಳು ಹೇಳಿದವು. ಈ ಹಾರಾಟದಲ್ಲಿ ಆಕ್ಷೇಪಿಸುವಂಥದ್ದು ಏನೂ ಇರಲಿಲ್ಲ. ಅಪರಾಧ ಗಂಭೀರ, ವ್ಯಕ್ತಿ ನಿರ್ದಿಷ್ಟ, ಜಾಗ ನಿರ್ದಿಷ್ಟ. ಬಂಧನದೊಂದಿಗೆ ಡ್ರೋನಿನ ಕೆಲಸವೂ ಮುಗಿಯಿತು.

ಇದೇ ಪ್ರಕರಣವನ್ನು ಮುಂದಿಟ್ಟು, ಮಹಿಳೆಯರ ಸುರಕ್ಷತೆಗಾಗಿ ನಿಲ್ದಾಣಗಳ ಮೇಲೆ ನಿತ್ಯವೂ ಡ್ರೋನ್ ಹಾರಿಸಬಾರದೇಕೆ ಎಂದು ಕೇಳಬಹುದು. ಪ್ರಶ್ನೆಯ ಹಿಂದಿನ ಆತಂಕ ನಿಜವಾದದ್ದು, ಅದಕ್ಕೆ ಹಾರಿಕೆಯ ಉತ್ತರ ಸಲ್ಲದು. ಆದರೆ ಸ್ವಾರಗೇಟದಲ್ಲಿ ಕ್ಯಾಮೆರಾಗಳಿದ್ದವು, ಕಾವಲುಗಾರರಿದ್ದರು, ಪೊಲೀಸ್ ಠಾಣೆ ಕೂಗಳತೆಯಲ್ಲಿತ್ತು. ಘಟನೆ ನಡೆದದ್ದು ಮುಚ್ಚಿದ ಬಸ್ಸಿನೊಳಗೆ; ಆಕಾಶದ ಕ್ಯಾಮೆರಾಕ್ಕೆ ಕಾಣುವುದು ಬಸ್ಸಿನ ಚಾವಣಿ ಮಾತ್ರ. ನಿಂತ ಬಸ್ಸುಗಳ ಬಾಗಿಲಿಗೆ ಬೀಗ, ಆವರಣದ ಮೂಲೆಮೂಲೆಗೂ ದೀಪ, ರಾತ್ರಿಪಾಳಿಯಲ್ಲಿ ನಿಜವಾಗಿ ಸುತ್ತಾಡುವ ಸಿಬ್ಬಂದಿ, ಬಸ್ಸಿನ ವಿಚಾರ ಕೇಳಲು ತೆರೆದಿರುವ ವಿಚಾರಣಾ ಕೊಠಡಿ ಇವೇ ಅಲ್ಲಿ ಬೇಕಿದ್ದವು. ಘಟನೆಯ ನಂತರ ಸಾರಿಗೆ ಸಚಿವ ಪ್ರತಾಪ್ ಸರನಾಯಿಕ್ ನಿಲ್ದಾಣದ ಕಾವಲುಗಾರರನ್ನೇ ಬದಲಿಸಲು ಆದೇಶಿಸಿದ್ದು ಕೊರತೆ ಎಲ್ಲಿತ್ತು ಎಂಬುದನ್ನು ತೋರಿಸುತ್ತದೆ. ಸುರಕ್ಷತೆಯ ಹೆಸರಿನಲ್ಲಿ ಡ್ರೋನ್ ಕೊಂಡರೆ ಈ ಕೆಲಸಗಳು ಹಿಂದೆ ಬೀಳುತ್ತವೆ, ಹೆಣ್ಣುಮಕ್ಕಳಿಗೆ ಸಿಗಬೇಕಾದದ್ದು ಸಿಗುವುದಿಲ್ಲ.

ಸಾರ್ವಜನಿಕ ಜಾಗದಲ್ಲಿ ಖಾಸಗಿತನ ಎಲ್ಲಿಂದ ಬಂತು ಎಂಬುದು ಎರಡನೆಯ ಆಕ್ಷೇಪ, ಹೆಚ್ಚು ಗಟ್ಟಿಯಾದದ್ದೂ ಹೌದು. ಬೀದಿಯಲ್ಲಿ ನಡೆಯುವವರನ್ನು ಯಾರಾದರೂ ನೋಡಬಹುದು ಎಂಬುದು ನಿಜ. ಆದರೆ ಬೀದಿಯಲ್ಲಿ ನಿಂತ ಪೇದೆ ನೂರಾರು ಮುಖ ನೋಡಿ ಮರೆಯುತ್ತಾನೆ. ಅವನೂ ಜನರ ಕಣ್ಣಿಗೆ ಬಿದ್ದಿರುತ್ತಾನೆ. ಡ್ರೋನ್ ಮರೆಯುವುದಿಲ್ಲ. ಮುಖ ಗುರುತಿಸುವ ತಂತ್ರಾಂಶ ಜೊತೆಗೂಡಿದರೆ, ಇವತ್ತಿನ ಗುಂಪಿನ ಚಿತ್ರದಿಂದ ಯಾರು ಯಾವ ಸಭೆಗೆ ಬಂದರು, ಯಾರ ಪಕ್ಕದಲ್ಲಿ ನಿಂತರು ಎಂಬ ಪಟ್ಟಿಯನ್ನು ವರ್ಷಗಳ ನಂತರವೂ ತೆಗೆಯಬಹುದು. ಸ್ವಾರಗೇಟದ್ದೇ ಇನ್ನೊಂದು ಪ್ರಸಂಗ ನೋಡಬೇಕು. 2022ರ ಡಿಸೆಂಬರಿನಲ್ಲಿ, ಮಹಾರಾಷ್ಟ್ರ–ಕರ್ನಾಟಕ ಗಡಿ ವಿವಾದ ಕಾವೇರಿದ್ದಾಗ, ಶಿವಸೇನೆಯ ಉದ್ಧವ್ ಠಾಕ್ರೆ ಬಣದ ಕಾರ್ಯಕರ್ತರು ಆ ಪ್ರದೇಶದಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಮಸಿ ಬಳಿದವರ ಮೇಲೆ ಕ್ರಮ ಜರುಗಿಸುವುದು ಪೊಲೀಸರ ಕರ್ತವ್ಯ. ಆದರೆ ಇಂಥ ಸಂದರ್ಭದಲ್ಲಿ ಬರಿದೇ ಘೋಷಣೆ ಕೂಗಿದವರ, ಬಸ್ಸಿನಿಂದ ಇಳಿದ ಪ್ರಯಾಣಿಕರ ಮುಖಗಳನ್ನು ದಾಖಲೆಯಲ್ಲಿ ಇಟ್ಟುಕೊಳ್ಳಲು ಯಾವ ಕಾರಣವೂ ಇಲ್ಲ. ಆ ಘೋಷಣೆ ಕನ್ನಡಿಗರಿಗೆ ನೋವು ತರುವಂಥದ್ದೇ ಇರಬಹುದು. ಶಾಂತವಾಗಿ ಸಭೆ ಸೇರುವ, ಸಂವಿಧಾನದ 19ನೆಯ ವಿಧಿಯ ಹಕ್ಕು ನಮಗೆ ಒಪ್ಪಿಗೆಯಾದವರಿಗಷ್ಟೇ ಕೊಟ್ಟದ್ದಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡ ನಾಡು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಸರ್ಕಾರ ಈ ಹಕ್ಕಿಗೆ ಕೈ ಹಾಕುವುದಾದರೆ ಅದಕ್ಕೊಂದು ಕಾನೂನಿರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು, ಕ್ರಮವು ಉದ್ದೇಶದ ಅಳತೆ ಮೀರಬಾರದು ಎಂದು ತೀರ್ಪು ಹೇಳಿತು. ಪೊಲೀಸ್ ಡ್ರೋನ್ ಎಡವುವುದು ಮೊದಲ ಮೆಟ್ಟಿಲಿನಲ್ಲೇ. 2021ರ ಡ್ರೋನ್ ನಿಯಮಗಳು ಯಂತ್ರದ ತೂಕ ಕೇಳುತ್ತವೆ, 250 ಗ್ರಾಂವರೆಗೆ ನ್ಯಾನೊ, 2 ಕಿಲೊವರೆಗೆ ಮೈಕ್ರೊ ಎಂದು ವರ್ಗ ಮಾಡುತ್ತವೆ. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸುತ್ತವೆ. ಕ್ಯಾಮೆರಾ ಸೆರೆಹಿಡಿದ ದೃಶ್ಯವನ್ನು ಯಾರು ನೋಡಬಹುದು, ಎಷ್ಟು ದಿನ ಇಡಬಹುದು ಎಂಬ ಬಗ್ಗೆ ಅವುಗಳಲ್ಲಿ ಏನೂ ಇಲ್ಲ. ಅವು ವಿಮಾನಯಾನದ ನಿಯಮಗಳು, ಹಕ್ಕುಗಳ ನಿಯಮಗಳಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಜಾಗ ತುಂಬಬಹುದಿತ್ತು. ಆದರೆ ಅದರ 17ನೆಯ ಕಲಂ ಅಪರಾಧ ತಡೆ ಮತ್ತು ತನಿಖೆಗೆ ವಿನಾಯಿತಿ ಕೊಟ್ಟಿತು, ಸರ್ಕಾರ ಅಧಿಸೂಚಿಸಿದ ಸಂಸ್ಥೆಗಳನ್ನು ಕಾಯ್ದೆಯ ಹೊರಗೇ ಇಡಲು ಅವಕಾಶ ಮಾಡಿತು.

ಹೊರಗಿನ ಅನುಭವವೂ ಇಲ್ಲಿ ಉಪಯುಕ್ತ. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಪ್ಯಾರಿಸ್ ಪೊಲೀಸರು ಹಾರಿಸುತ್ತಿದ್ದ ಡ್ರೋನ್‌ಗಳನ್ನು ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ 2020ರ ಮೇ 18ರಂದು ನಿಲ್ಲಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಪ್ರತಿಭಟನೆಗಳ ಮೇಲಿನ ಹಾರಾಟಕ್ಕೂ ತಡೆ ಹಾಕಿತು. ಆ ಮೇಲೆಯೇ ಅಲ್ಲಿ ಕಾನೂನು ಬಂತು. ಅಮೆರಿಕದ ಬಾಲ್ಟಿಮೋರ್ ನಗರವನ್ನು ವಿಮಾನಗಳಿಂದ ಹಗಲಿಡೀ ಚಿತ್ರೀಕರಿಸುತ್ತಿದ್ದ ಯೋಜನೆ ಸಂವಿಧಾನಕ್ಕೆ ವಿರುದ್ಧವೆಂದು 2021ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಭಾರತದಲ್ಲಿ ಲಾಕ್‌ಡೌನ್ ಡ್ರೋನ್‌ಗಳು ಹಲವು ನಗರಗಳಲ್ಲಿ ಹಾರಿದವು, ಕಾನೂನು ಮಾತ್ರ ಹಿಂಬಾಲಿಸಲಿಲ್ಲ. 2024ರ ಫೆಬ್ರುವರಿಯಲ್ಲಿ ಪಂಜಾಬ್–ಹರಿಯಾಣ ನಡುವಿನ ಶಂಭು ಗಡಿಯಲ್ಲಿ ಹರಿಯಾಣ ಪೊಲೀಸರು ರೈತರ ಮೇಲೆ ಡ್ರೋನ್‌ನಿಂದಲೇ ಅಶ್ರುವಾಯು ಶೆಲ್ ಬೀಳಿಸಿದರು. ರೈತರು ಗಾಳಿಪಟ ಹಾರಿಸಿ ಅವನ್ನು ತಡೆಯಲು ನೋಡಿದರು. ನೋಡಲು ಹಾರಿದ ಯಂತ್ರ ದಾಳಿಗೂ ಬಳಕೆಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಪ್ರತಿ ಹಾರಾಟಕ್ಕೂ ಆದೇಶ ಬೇಕೆಂದರೆ ಪೊಲೀಸರ ಕೈ ಕಟ್ಟಿದಂತಾಗುತ್ತದೆ, ಅಷ್ಟರಲ್ಲಿ ಆರೋಪಿ ತಪ್ಪಿಸಿಕೊಳ್ಳುತ್ತಾನೆ ಎಂಬುದು ಉಳಿದಿರುವ ವಾದ. ದೂರವಾಣಿ ಕದ್ದಾಲಿಕೆಯ ಬಗ್ಗೆಯೂ ಹೀಗೆಯೇ ಹೇಳಬಹುದಿತ್ತು. ಆದರೂ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಮೊಕದ್ದಮೆಯ 1996ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಗೃಹ ಕಾರ್ಯದರ್ಶಿಯ ಆದೇಶ ಬೇಕೆಂದಿತು, ಅದಕ್ಕೆ ಎರಡು ತಿಂಗಳ ಗಡುವು ಹಾಕಿತು, ನವೀಕರಿಸಿದರೂ ಆರು ತಿಂಗಳು ಮೀರಬಾರದೆಂದಿತು, ಪರಿಶೀಲನಾ ಸಮಿತಿಯನ್ನೂ ಕಡ್ಡಾಯ ಮಾಡಿತು. ತನಿಖೆಗಳು ಅದರಿಂದ ನಿಂತುಹೋಗಲಿಲ್ಲ. ಡ್ರೋನಿಗೂ ಅಂಥದ್ದೇ ಕ್ರಮ ಸಾಧ್ಯ: ತುರ್ತಿನಲ್ಲಿ ಮೊದಲು ಹಾರಿಸಿ, ಒಂದೆರಡು ದಿನದೊಳಗೆ ಹಿರಿಯ ಅಧಿಕಾರಿಯ ಲಿಖಿತ ಒಪ್ಪಿಗೆ ಪಡೆಯಲಿ; ಯಾರಿಗಾಗಿ, ಎಲ್ಲಿ, ಎಷ್ಟು ಹೊತ್ತು ಎಂಬುದು ಅದರಲ್ಲಿರಲಿ; ಮೊಕದ್ದಮೆಗೆ ಬೇಡದ ದೃಶ್ಯ ಗೊತ್ತಾದ ಅವಧಿಯಲ್ಲಿ ಅಳಿಯಲಿ; ಹಾರಾಟಗಳ ಲೆಕ್ಕ ವರ್ಷಕ್ಕೊಮ್ಮೆ ಶಾಸನಸಭೆಯ ಮುಂದೆ ಬರಲಿ. ಗುನಾಟದ ಶೋಧ ಈ ಷರತ್ತುಗಳಲ್ಲಿ ಒಂದನ್ನೂ ಮುರಿಯದೆ ನಡೆಯಬಹುದಿತ್ತು. ಇದಕ್ಕೆ ದೆಹಲಿಯ ದಾರಿ ಕಾಯಬೇಕಾಗಿಯೂ ಇಲ್ಲ. ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸ್ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಮೊದಲೆರಡು ವಿಷಯಗಳು; ತಮ್ಮ ಪೊಲೀಸರು ಡ್ರೋನನ್ನು ಹೇಗೆ ಬಳಸಬೇಕೆಂದು ಮಹಾರಾಷ್ಟ್ರ, ಕರ್ನಾಟಕದ ಶಾಸನಸಭೆಗಳು ತಾವೇ ಕಾನೂನು ಮಾಡಬಹುದು.