ಗೋಡೆಯ ಆಚೆಗೊಬ್ಬಳು, ಈಚೆಗೆ ಮೂವರು

ಯುವಕ-ಯುವತಿಯರು ಗೊತ್ತುಮಾಡಿಕೊಂಡು ಊಟಕ್ಕೋ ಸಿನಿಮಾಕ್ಕೋ ಜೊತೆಯಾಗಿ ಹೋಗುವುದನ್ನು ಅಮೆರಿಕದಲ್ಲಿ ‘ಡೇಟ್’ ಎನ್ನುತ್ತಾರೆ. ಈ ಖಾಸಗಿ ಸಂಗತಿಯನ್ನು ದೂರದರ್ಶನದ ಆಟವಾಗಿಸಿದವರಲ್ಲಿ ಚಕ್ ಬ್ಯಾರಿಸ್ ಪ್ರಮುಖರು. ಅವರ ‘ದಿ ಡೇಟಿಂಗ್ ಗೇಮ್’ ಎಬಿಸಿ ಜಾಲದಲ್ಲಿ ಆರಂಭವಾದದ್ದು 1965ರ ಡಿಸೆಂಬರ್‌ನಲ್ಲಿ.

ಅದರ ರಂಗಸಜ್ಜಿಕೆ ಬಲು ಸರಳ. ನಡುವೆ ಒಂದು ಅಡ್ಡಗೋಡೆ. ಒಂದು ಬದಿಗೆ ಯುವತಿ, ಇನ್ನೊಂದು ಬದಿಗೆ ಎತ್ತರದ ಪೀಠಗಳ ಮೇಲೆ ಮೂವರು ಯುವಕರು. ಹಿನ್ನೆಲೆಯಲ್ಲಿ ದೊಡ್ಡ ದೊಡ್ಡ ಹೂಗಳು, ಕಣ್ಣಿಗೆ ಹೊಡೆಯುವ ಬಣ್ಣಗಳು. ಮುಖ ನೋಡದೆ, ಪ್ರಶ್ನೆಗಳನ್ನು ಕೇಳಿಯೇ ಆಕೆ ಒಬ್ಬನನ್ನು ಆರಿಸಬೇಕು. ನಮ್ಮ ಮದುವೆಯ ಅಂತರಪಟ ನೆನಪಾಗುತ್ತದಲ್ಲವೇ? ಅಲ್ಲಿಯೂ ನೆರೆದವರಿಗೆ ಮಾತ್ರ ಇಬ್ಬರೂ ಕಾಣುತ್ತಾರೆ. ಆದರೆ ಅಂತರಪಟ ಹಿಡಿಯುವ ಹೊತ್ತಿಗೆ ಎಲ್ಲವೂ ನಿಶ್ಚಯವಾಗಿರುತ್ತದೆ. ಇಲ್ಲಿ ಗೋಡೆ ಇರುವಾಗಲೇ ನಿಶ್ಚಯವಾಗಬೇಕು. ಆಕೆಗಿಂತ ತನಗೇ ಹೆಚ್ಚು ಗೊತ್ತು ಎಂಬ ವೀಕ್ಷಕನ ಭಾವನೆಯಲ್ಲೇ ಆಟದ ಸೊಗಸೆಲ್ಲ ಇತ್ತು.

ಆ ಭಾವನೆ ಎಷ್ಟು ಟೊಳ್ಳೆಂಬುದಕ್ಕೆ 1978ರ ಒಂದು ಕಂತು ಸಾಕ್ಷಿ. ರಾಡ್ನಿ ಅಲ್ಕಾಲಾ ಎಂಬಾತನನ್ನು ಯಶಸ್ವೀ ಛಾಯಾಚಿತ್ರಗ್ರಾಹಕನೆಂದು ಪರಿಚಯಿಸಲಾಯಿತು. ಅವನ ಚಟಾಕಿಗಳಿಗೆ ಸಭಿಕರು ನಕ್ಕರು; ಯುವತಿ ಅವನನ್ನೇ ಆರಿಸಿದಳು. ಎಳೆಯ ಬಾಲಕಿಯೊಬ್ಬಳ ಮೇಲಿನ ದೌರ್ಜನ್ಯಕ್ಕಾಗಿ ಅವನು ಆಗಲೇ ಜೈಲು ಕಂಡು ಬಂದಿದ್ದ. ಕೊಲೆಗಳನ್ನೂ ಮಾಡಿದ್ದನೆಂಬುದು ಆಮೇಲೆ ರುಜುವಾತಾಯಿತು. ಎರಡೂ ಬದಿಯನ್ನು ಕಾಣುತ್ತಿದ್ದ ಕ್ಯಾಮೆರಾ ತೋರಿಸಿದ್ದು ಒಬ್ಬ ವಿನೋದಪ್ರಿಯನನ್ನು. ಗೋಡೆ ದಾಟಿ ಬಂದು ಮಾತನಾಡಿದ ಯುವತಿ ಮಾತ್ರ ಅವನೊಡನೆ ಹೋಗಲು ಒಪ್ಪಲಿಲ್ಲ.

2002ರ ಮಾರ್ಚ್‌ನಲ್ಲಿ ಅದೇ ಎಬಿಸಿ ‘ದಿ ಬ್ಯಾಚಲರ್’ ಆರಂಭಿಸಿದಾಗ ಗೋಡೆ ಮಾಯವಾಗಿತ್ತು. ಒಬ್ಬ ಯುವಕ, 25 ಮಂದಿ ಯುವತಿಯರು, ಬಂಗಲೆ, ಮೇಣದಬತ್ತಿಗಳ ಬೆಳಕು. ಉಳಿದುಕೊಂಡವರಿಗೆ ಗುಲಾಬಿ ಹೂ. ಸ್ಪರ್ಧಿಗಳು ಒಬ್ಬೊಬ್ಬರೇ ಕ್ಯಾಮೆರಾದ ಮುಂದೆ ಕುಳಿತು ಮನಸ್ಸು ಬಿಚ್ಚುತ್ತಾರೆ. ಯಾವ ಮಾತು ಉಳಿಯಬೇಕೆಂಬುದನ್ನು ಸಂಕಲನಕಾರರು ನಿರ್ಧರಿಸುತ್ತಾರೆ. ಹಳೆಯದನ್ನು ಜನ ಆಟವೆಂದೇ ನೋಡಿ ನಕ್ಕಿದ್ದರು. ಇದಕ್ಕೆ ‘ರಿಯಾಲಿಟಿ’ ಎಂಬ ಹೆಸರೇ ಬಿತ್ತು. ಗೋಡೆಯಿದ್ದ ಕಾರ್ಯಕ್ರಮವೇ ಹೆಚ್ಚು ಪ್ರಾಮಾಣಿಕವಾಗಿತ್ತು ಎಂದು ನನ್ನ ಎಣಿಕೆ. ಮರೆಮಾಚಿದ್ದು ಏನೆಂಬುದಾದರೂ ಅಲ್ಲಿ ಕಾಣುತ್ತಿತ್ತು.

ಆ ಮೇಣದಬತ್ತಿಯ ಬೆಳಕಿನಲ್ಲಿ ಯಾರು ನಿಲ್ಲಬಹುದೆಂಬ ಪ್ರಶ್ನೆಯೂ ನ್ಯಾಯಾಲಯದ ಮೆಟ್ಟಿಲೇರಿತು. ಮುಖ್ಯ ಪಾತ್ರಕ್ಕೆ ಬಿಳಿಯರನ್ನೇ ಆರಿಸಲಾಗುತ್ತಿದೆ ಎಂದು ಇಬ್ಬರು ಕಪ್ಪು ವರ್ಣೀಯರು 2012ರಲ್ಲಿ ದಾವೆ ಹೂಡಿದರು. ಪಾತ್ರಗಳ ಆಯ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದೆಂದು ನ್ಯಾಯಾಲಯ ಅದನ್ನು ವಜಾ ಮಾಡಿತು. ‘ದಿ ಬ್ಯಾಚಲರ್’ನ ಮೊದಲ ಕಪ್ಪು ವರ್ಣೀಯ ನಾಯಕ ತೆರೆಗೆ ಬಂದದ್ದು 2021ರಲ್ಲಿ, ಇಪ್ಪತ್ತೈದನೆಯ ಸರಣಿಯಲ್ಲಿ.